ಯಾವ ಓಕ್ ಮರದ ಕೆಳಗೆ ಕೂರಬೇಕು? ಜಿಂಕೆ ಬೇಟೆಗೆ ಹೊರಟವರಿಗೆ ಒಂದು ಹೋಲಿಕೆ

ಸೆಪ್ಟೆಂಬರ್ ಬಂತೆಂದರೆ ಗೆಳೆಯರ ಫೋನು ಶುರುವಾಗುತ್ತದೆ. "ಈ ಸಲ ಕೈಗೆ ಸಿಗೋದು ಮೂರೇ ವೀಕೆಂಡ್. ಬಿಳಿ ಓಕ್ ಕೆಳಗೆ ಕೂರಲಾ, ಕೆಂಪು ಓಕ್ ಕೆಳಗೆ ಕೂರಲಾ, ಇಲ್ಲಾ ಹೊಲದ ಅಂಚೇ ವಾಸಿನಾ?" ಕೇಳುವವರು ಅಮೆರಿಕದ ವರ್ಜೀನಿಯಾ, ನಾರ್ತ್ ಕೆರೊಲಿನಾ, ಪೆನ್ಸಿಲ್ವೇನಿಯಾ ಕಡೆ ನೆಲೆಸಿದ ನಮ್ಮ ಕನ್ನಡದವರು. ಬೇಟೆ ಕಲಿತು ಎರಡು ಮೂರು ವರ್ಷ ಆಗಿರುತ್ತದೆ. ಲೈಸೆನ್ಸ್ ಇದೆ, ಬಿಲ್ಲು ಇದೆ, ಹುಮ್ಮಸ್ಸು ಬೇಕಾದಷ್ಟಿದೆ. ಕಾಡು ಮಾತ್ರ ಇನ್ನೂ ಪರಿಚಯವಾಗಿಲ್ಲ.

ಊರಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಜಿಂಕೆ ಬೇಟೆ ಅಪರಾಧ. ಅದು ಸರಿಯಾದದ್ದೇ. ಇಲ್ಲಿನ ಬಿಳಿಬಾಲದ ಜಿಂಕೆಯ ಕತೆ ಬೇರೆ. ತೋಳ, ಪ್ಯೂಮಾ ಇಲ್ಲದ ಈ ಪೂರ್ವದ ಕಾಡುಗಳಲ್ಲಿ ಜಿಂಕೆ ಮಿತಿ ಮೀರಿದರೆ ಓಕ್ ಸಸಿಗಳೇ ಮೇಲೇಳುವುದಿಲ್ಲ. ಹಾಗಾಗಿ ಲೈಸೆನ್ಸು, ಟ್ಯಾಗು (ಒಂದು ಜಿಂಕೆಗೆ ಒಂದು ಚೀಟಿ), ದಿನಗಳ ಲೆಕ್ಕ ಹಾಕಿ ರಾಜ್ಯವೇ ಬೇಟೆ ನಡೆಸುತ್ತದೆ.

ಓಕ್ ಕಾಯಿಯನ್ನು ಇಲ್ಲಿಯವರು ಏಕಾರ್ನ್ ಅನ್ನುತ್ತಾರೆ. ಸಣ್ಣ ಅಡಿಕೆಯಷ್ಟು ಗಾತ್ರ, ತಲೆ ಮೇಲೊಂದು ಟೋಪಿ. ಅಡಿಕೆಯ ಹಾಗೆಯೇ ಒಗರು. ಪ್ರೋಟೀನ್ ಕಮ್ಮಿ, ಹಿಟ್ಟು ಮತ್ತು ಕೊಬ್ಬು ಜಾಸ್ತಿ. ಚಳಿಗಾಲಕ್ಕೆ ಮೈ ತುಂಬಿಕೊಳ್ಳಬೇಕಾದ ಜಿಂಕೆಗೆ ಬೇಕಾದದ್ದೂ ಅದೇ. ಒಂದು ಕಾಲದಲ್ಲಿ ಈ ಬೆಟ್ಟಗಳಲ್ಲಿ ಚೆಸ್ಟ್‌ನಟ್ ಮರಗಳು ಲೆಕ್ಕವಿಲ್ಲದಷ್ಟು ಇದ್ದವು. 1904ರಲ್ಲಿ ನ್ಯೂಯಾರ್ಕಿನಲ್ಲಿ ಕಂಡ ಶಿಲೀಂಧ್ರ ರೋಗ ಕೆಲವೇ ದಶಕಗಳಲ್ಲಿ ಅವನ್ನೆಲ್ಲ ಒಣಗಿಸಿತು. ಚೆಸ್ಟ್‌ನಟ್ ಹೆಚ್ಚುಕಮ್ಮಿ ವರ್ಷ ವರ್ಷವೂ ಕಾಯಿ ಕೊಡುತ್ತಿತ್ತು. ಅದರ ಜಾಗಕ್ಕೆ ಬಂದ ಓಕ್ ಹಾಗಲ್ಲ. ಬೇಟೆಗಾರನ ತಲೆಬಿಸಿ ಶುರುವಾಗುವುದು ಇಲ್ಲೇ.

ಆಯ್ಕೆಗೆ ಮೊದಲು ಏನು ನೋಡಬೇಕು

ನಮ್ಮ ಮಾವಿನ ಮರ ಒಂದು ವರ್ಷ ಬಿಟ್ಟು ಒಂದು ವರ್ಷ ಕಾಯಿ ಬಿಡುತ್ತದಲ್ವಾ? ಓಕ್‌ಗೆ ಅಷ್ಟು ನಿಯತ್ತೂ ಇಲ್ಲ. ಬಿಳಿ ಓಕ್ ಭರ್ಜರಿಯಾಗಿ ಕಾಯಿ ಬಿಡುವುದು 4ರಿಂದ 10 ವರ್ಷಕ್ಕೊಮ್ಮೆ. ನಡುವಿನ ವರ್ಷಗಳಲ್ಲಿ ಅಷ್ಟಿಷ್ಟು, ಇಲ್ಲವೇ ಏನೂ ಇಲ್ಲ. ಕೆಂಪು ಓಕ್ 2ರಿಂದ 5 ವರ್ಷಕ್ಕೊಮ್ಮೆ. ಆದ್ದರಿಂದ ಮರದ ಹೆಸರು ನೋಡಿ ಕೂತರೆ ಕೆಡುತ್ತೇವೆ. ನಾನು ಮೊದಲು ಕೇಳುವುದು: ಈ ವರ್ಷ, ಈ ಗುಡ್ಡದಲ್ಲಿ, ಈ ಮರದಲ್ಲಿ ಕಾಯಿ ಇದೆಯಾ?

ಎರಡನೆಯದು ಕಾಯಿ ಯಾವಾಗ ಉದುರುತ್ತದೆ, ನೆಲದ ಮೇಲೆ ಎಷ್ಟು ದಿನ ಉಳಿಯುತ್ತದೆ ಎಂಬುದು. ಅದು ನಿಮ್ಮ ರಜೆಗೆ ಹೊಂದಬೇಕು. ಮೂರನೆಯದು ಜಿಂಕೆಗೆ ರುಚಿ. ನಾಲ್ಕನೆಯದನ್ನು ಬಹಳ ಜನ ಮರೆಯುತ್ತಾರೆ: ಆ ಊಟ ಒಂದೇ ಕಡೆ ಇದೆಯಾ, ಇಡೀ ಕಾಡಿಗೆ ಹರಡಿದೆಯಾ? ಒಂದು ಮರದ ಕೆಳಗೆ ಮಾತ್ರ ಊಟವಿದ್ದರೆ ಜಿಂಕೆ ಅಲ್ಲಿಗೆ ಬರಲೇಬೇಕು. ಎಲ್ಲೆಲ್ಲೂ ಇದ್ದರೆ ನಿಮ್ಮ ಮರಕ್ಕೆ ಯಾಕೆ ಬರಬೇಕು? ಕೊನೆಯದು ದುಡ್ಡು, ಜಾಗ, ಶ್ರಮ.

ಫ್ರಾಸ್ಟಿನ, ಅಂದರೆ ರಾತ್ರಿ ಇಬ್ಬನಿ ಹೆಪ್ಪುಗಟ್ಟುವಂಥ ಚಳಿಯ, ಲೆಕ್ಕವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಮುಂದಿನದ್ದೆಲ್ಲ ಇದರ ಮೇಲೆಯೇ ನಿಂತಿದೆ. ಬಿಳಿ ಓಕ್ ವಸಂತದಲ್ಲಿ ಹೂ ಬಿಟ್ಟರೆ ಅದೇ ಶರತ್ತಿಗೆ ಕಾಯಿ ಬಲಿಯುತ್ತದೆ. ಕೆಂಪು ಓಕ್‌ನ ಹೂ ಕಾಯಾಗಿ ಉದುರುವುದು ಮುಂದಿನ ವರ್ಷದ ಶರತ್ತಿಗೆ. ಏಪ್ರಿಲ್ ಕೊನೆಯಲ್ಲೋ ಮೇ ಮೊದಲಲ್ಲೋ ತಡವಾದ ಫ್ರಾಸ್ಟ್ ಬಿದ್ದು ಹೂ ಸುಟ್ಟಿತು ಅಂದುಕೊಳ್ಳಿ. ಬಿಳಿ ಓಕ್ ಆ ವರ್ಷವೇ ಕೈಕೊಡುತ್ತದೆ. ಕೆಂಪು ಓಕ್ ಕೈಕೊಡುವುದು ಮುಂದಿನ ವರ್ಷ. ಅಂದರೆ ಈ ಶರತ್ತಿನ ಬಿಳಿ ಓಕ್‌ಗೆ ಈ ವಸಂತವನ್ನು ನೆನಪಿಸಿಕೊಳ್ಳಿ, ಕೆಂಪು ಓಕ್‌ಗೆ ಹೋದ ವಸಂತವನ್ನು. ಹೂವಿನ ಹೊತ್ತಿನಲ್ಲಿ ವಾರಗಟ್ಟಲೆ ಮಳೆ ಹಿಡಿದರೂ ಪರಾಗ ಹಾರುವುದಿಲ್ಲ. ಬೇಸಿಗೆಯಲ್ಲಿ ಬರ ಬಂದರೆ ಎಳೆಗಾಯಿ ಉದುರಿಹೋಗುತ್ತದೆ. ಆದರೂ ಮೊದಲ ಸುಳಿವು ಸಿಗುವುದು ಫ್ರಾಸ್ಟಿನಲ್ಲೇ.

ಸುಳಿವು ಸಿಕ್ಕ ಮೇಲೆ ಕಣ್ಣಾರೆ ನೋಡಬೇಕು. ಆಗಸ್ಟಿನಲ್ಲಿ ಬೈನಾಕ್ಯುಲರ್ ಹಿಡಿದು ಮರದ ನೆತ್ತಿಯನ್ನು ನೋಡಿ. ಕ್ಯಾಲಿಫೋರ್ನಿಯಾದ ಹೇಸ್ಟಿಂಗ್ಸ್ ಸಂಶೋಧನಾ ಕೇಂದ್ರದಲ್ಲಿ ವಾಲ್ಟರ್ ಕೋನಿಗ್ ಮತ್ತು ಜೊತೆಗಾರರು 1980ರಿಂದ ಓಕ್ ಕಾಯಿ ಎಣಿಸುತ್ತಾ ಬಂದಿದ್ದಾರೆ. ಅವರ ವಿಧಾನ ಬಹಳ ಸರಳ. ಇಬ್ಬರು ಒಂದೇ ಮರದ ಬೇರೆ ಬೇರೆ ಭಾಗ ನೋಡಿ, 15 ಸೆಕೆಂಡಿನಲ್ಲಿ ಕಂಡಷ್ಟು ಕಾಯಿ ಎಣಿಸಿ, ಎರಡನ್ನೂ ಕೂಡಿಸುತ್ತಾರೆ. ನಾನೂ ಮಗಳೂ ಹೀಗೇ ಮಾಡುತ್ತೇವೆ. ಇಪ್ಪತ್ತು ಮರ ನೋಡಲು ಒಂದು ಬೆಳಗು ಸಾಕು. ವೆಸ್ಟ್ ವರ್ಜೀನಿಯಾ, ನಾರ್ತ್ ಕೆರೊಲಿನಾದಂಥ ರಾಜ್ಯಗಳ ವನ್ಯಜೀವಿ ಇಲಾಖೆಗಳು ವರ್ಷ ವರ್ಷ ಕಾಯಿ ಸಮೀಕ್ಷೆ ಮಾಡುತ್ತವೆ. ಅದನ್ನೂ ಓದಿ. ಆದರೆ ಅದು ಇಡೀ ಸೀಮೆಯ ಚಿತ್ರ, ನಿಮ್ಮ ಗುಡ್ಡದ್ದಲ್ಲ.

ಬಿಳಿ ಓಕ್: ಸಿಹಿ ಊಟ, ಕಮ್ಮಿ ದಿನ

ಎಲೆಯ ಅಂಚು ಬೆರಳಿನ ತುದಿಯಂತೆ ದುಂಡಗಿದ್ದರೆ ಅದು ಬಿಳಿ ಓಕ್ ಪಂಗಡದ್ದು. ತೊಗಟೆ ತಿಳಿ ಬೂದು ಬಣ್ಣ, ಹಾಳೆ ಎದ್ದಂತೆ ಇರುತ್ತದೆ. ಕಾಯಿಯಲ್ಲಿ ಒಗರು ಕಮ್ಮಿ. ಎರಡೂ ಕಾಯಿ ಪಕ್ಕಪಕ್ಕ ಬಿದ್ದಿದ್ದರೆ ಜಿಂಕೆ ಸಾಮಾನ್ಯವಾಗಿ ಇದಕ್ಕೇ ಮೊದಲು ಬಾಯಿ ಹಾಕುತ್ತದೆ.

ವರ್ಜೀನಿಯಾದ ಕಡೆ ಇದು ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಪೂರ್ತಿ ಉದುರುತ್ತದೆ. ಬಿಲ್ಲಿನ ಕಾಲ, ಅಂದರೆ ಬಿಲ್ಲಿನಿಂದ ಬೇಟೆಯಾಡಲು ಬಿಡುವ ದಿನಗಳು, ಶುರುವಾಗುವುದೂ ಅಕ್ಟೋಬರ್ ಮೊದಲಲ್ಲೇ. ಹಾಗಾಗಿ ಬಿಲ್ಲು ಹಿಡಿದವರಿಗೆ ಇದು ಹೇಳಿ ಮಾಡಿಸಿದಂತಿದೆ. ತೊಂದರೆ ಏನೆಂದರೆ ನೆಲಕ್ಕೆ ಬಿದ್ದ ಬಿಳಿ ಓಕ್ ಕಾಯಿ ತಕ್ಷಣ ಮೊಳೆಯಲು ಶುರು ಮಾಡುತ್ತದೆ. ಕೆಲವೇ ವಾರಗಳಲ್ಲಿ ಬೇರು ಬಿಟ್ಟಿರುತ್ತದೆ. ಅಷ್ಟರಲ್ಲಿ ಜಿಂಕೆ, ಕರಡಿ, ಟರ್ಕಿ, ಅಳಿಲು ಎಲ್ಲಾ ಸೇರಿ ಖಾಲಿ ಮಾಡುತ್ತವೆ. ಬೂದು ಅಳಿಲಿನ ಜಾಣತನ ನೋಡಿದರೆ ಖುಷಿಯಾಗುತ್ತದೆ. ಬಿಳಿ ಓಕ್ ಕಾಯನ್ನು ಬಚ್ಚಿಡುವ ಮೊದಲು ಮೊಳಕೆಯ ಭಾಗವನ್ನು ಕಚ್ಚಿ ತೆಗೆಯುತ್ತದೆ, ಮೊಳೆಯದಿರಲಿ ಅಂತ. ಕೆಂಪು ಓಕ್ ಕಾಯನ್ನು ಹಾಗೇ ಹೂಳುತ್ತದೆ. ನವೆಂಬರ್ ಮಧ್ಯದ ಬಂದೂಕಿನ ಕಾಲಕ್ಕೆ ಬಿಳಿ ಓಕ್ ಕೆಳಗೆ ಬರೀ ಟೋಪಿಗಳೇ ಉಳಿದಿರುವುದು ಸಾಮಾನ್ಯ.

ಹರಡುವಿಕೆಯ ಮಾತನ್ನು ನಾನು ಕಲಿತದ್ದು ಸೋತು. ಒಂದು ವರ್ಷ ನಮ್ಮ ಗುಡ್ಡದ ಬಿಳಿ ಓಕ್‌ಗಳೆಲ್ಲ ಒಟ್ಟಿಗೆ ಕಾಯಿ ಬಿಟ್ಟವು. ನಡೆದರೆ ಕಾಲ ಕೆಳಗೆ ಗೋಲಿಯಂತೆ ಉರುಳುತ್ತಿದ್ದವು. ಇದಕ್ಕಿಂತ ಒಳ್ಳೆ ಕಾಲ ಬರಲ್ಲ ಅಂದುಕೊಂಡು ನನಗೆ ಇಷ್ಟವಾದ ಮರದಲ್ಲಿ ಅಟ್ಟಣೆ ಕಟ್ಟಿ ಆರು ಸಂಜೆ ಕೂತೆ. ಒಂದು ಹೆಣ್ಣು ಜಿಂಕೆ ದೂರದಲ್ಲಿ ಹೋಯಿತು, ಅಷ್ಟೇ. ಜಿಂಕೆ ಕಮ್ಮಿಯಾಗಿರಲಿಲ್ಲ. ಮಲಗಿದ ಜಾಗದಲ್ಲೇ ಊಟ ಸಿಗುವಾಗ ಅವು ಓಡಾಡುವುದನ್ನೇ ಬಿಟ್ಟಿದ್ದವು. ಕಾಯಿ ತುಂಬಿದ ವರ್ಷ ಬೇಟೆ ಕುಗ್ಗುತ್ತದೆ, ಕಾಯಿ ಇಲ್ಲದ ವರ್ಷ ಹೆಚ್ಚುತ್ತದೆ ಎಂದು ಇಲ್ಲಿನ ಇಲಾಖೆಯವರು ಯಾವಾಗಲೂ ಹೇಳುತ್ತಾರೆ. ನನಗೆ ಅದು ತಲೆಗೆ ಹತ್ತಲು ಆ ಆರು ಸಂಜೆ ಬೇಕಾದವು.

ಎರಡು ವರ್ಷದ ನಂತರ ಏಪ್ರಿಲ್ ಫ್ರಾಸ್ಟ್ ಬಂತು. ಕಣಿವೆಯ ಬಿಳಿ ಓಕ್‌ಗಳೆಲ್ಲ ಬರಿದು. ತಣ್ಣನೆ ಗಾಳಿ ಕೆಳಕ್ಕೆ ಇಳಿದು ತಗ್ಗಿನಲ್ಲಿ ನಿಲ್ಲುತ್ತದಲ್ಲ, ಅದಕ್ಕೇ ತಗ್ಗಿಗೆ ಪೆಟ್ಟು ಜಾಸ್ತಿ. ಇಳಿಜಾರಿನ ನಡುಮಟ್ಟದಲ್ಲಿ ಒಂದೇ ಒಂದು ಹಳೆಯ ಮರ ಮಾತ್ರ ಕಾಯಿ ಹಿಡಿದಿತ್ತು. ಅದರ ಕೆಳಗೆ ಎಲೆಯೆಲ್ಲ ಕೆದರಿತ್ತು, ಹಸಿ ಹಿಕ್ಕೆ ಬಿದ್ದಿತ್ತು. ಎರಡನೇ ಬೆಳಿಗ್ಗೆಯೇ ನನ್ನ ಟ್ಯಾಗು ತುಂಬಿತು.

ಆದ್ದರಿಂದ ಬಿಳಿ ಓಕ್ ಬಗ್ಗೆ ನನ್ನ ತೀರ್ಮಾನ ಇಷ್ಟು. ಕಾಯಿ ಅಲ್ಲೊಂದು ಇಲ್ಲೊಂದು ಮರದಲ್ಲಿರುವ ವರ್ಷ ಇದಕ್ಕಿಂತ ಒಳ್ಳೆಯದು ಬೇರೆ ಇಲ್ಲ. ಕಾಯಿ ತುಂಬಿ ಸುರಿದ ವರ್ಷ ಮರವನ್ನು ಬಿಟ್ಟು ದಾರಿ ಹಿಡಿಯಿರಿ. ಜಿಂಕೆ ಮಲಗುವ ಪೊದೆಯ ಹತ್ತಿರ, ನೀರಿಗೆ ಇಳಿಯುವ ಕಾಲುಹಾದಿಯಲ್ಲಿ, ಎರಡು ಗುಡ್ಡ ಕೂಡುವ ತಗ್ಗಿನಲ್ಲಿ ಕೂತುಕೊಳ್ಳಿ.

ಒಂದು ಎಚ್ಚರಿಕೆ. ಟೋಪಿ ಅಂಟಿಕೊಂಡೇ ಮೊದಮೊದಲು ಉದುರಿದ ಕಾಯಿ ನೋಡಿ ಮೋಸ ಹೋಗಬೇಡಿ. ಹೆಚ್ಚಿನವು ಮೂತಿ ಹುಳು ಹೊಕ್ಕ ಟೊಳ್ಳು ಕಾಯಿ. ಒಂದು ಹಿಡಿ ತಂದು ನೀರಿಗೆ ಹಾಕಿ. ತೇಲಿದರೆ ಕೆಟ್ಟಿದೆ, ಮುಳುಗಿದರೆ ಗಟ್ಟಿ.

ಚೆಸ್ಟ್‌ನಟ್ ಓಕ್

ಹೆಸರಲ್ಲಿ ಚೆಸ್ಟ್‌ನಟ್ ಇದ್ದರೂ ಇದು ಬಿಳಿ ಓಕ್ ಪಂಗಡವೇ. ಒಣ ಗುಡ್ಡದ ನೆತ್ತಿಯಲ್ಲಿ, ಕಲ್ಲು ನೆಲದಲ್ಲಿ ಬೆಳೆಯುತ್ತದೆ. ತೊಗಟೆ ಆಳವಾಗಿ ಸೀಳಿರುತ್ತದೆ. ನಮ್ಮಲ್ಲಿ ಚರ್ಮ ಹದ ಮಾಡಲು ತಂಗಡಿ ತೊಗಟೆ ಬಳಸುತ್ತಿದ್ದ ಹಾಗೆ ಇಲ್ಲಿ ಇದರ ತೊಗಟೆಯನ್ನು ಬಳಸುತ್ತಿದ್ದರು. ಒಗರು ಎಷ್ಟಿರಬಹುದು ಎಂದು ಅದರಿಂದಲೇ ಊಹಿಸಬಹುದು. ಕಾಯಿ ದೊಡ್ಡದು, ಬಿಳಿ ಓಕ್‌ನಷ್ಟು ಸಿಹಿಯಲ್ಲ.

ಇದರ ಬೆಲೆ ಇರುವುದು ಹೊತ್ತಿನಲ್ಲಿ. ಗುಡ್ಡದ ಉಳಿದ ಓಕ್‌ಗಳಿಗಿಂತ 2ರಿಂದ 5 ವಾರ ಮೊದಲೇ, ಸೆಪ್ಟೆಂಬರಿನಲ್ಲೇ ಉದುರಲು ಶುರು. ಬೇರೆ ಕಾಯಿ ಇನ್ನೂ ಮರದಲ್ಲೇ ಇರುವಾಗ ಜಿಂಕೆ ಗುಡ್ಡದ ನೆತ್ತಿಗೆ ಹತ್ತುತ್ತದೆ. ಬಿಲ್ಲಿನ ಕಾಲದ ಮೊದಲ ವೀಕೆಂಡ್ ಒಂದೇ ಸಿಗುವವರಿಗೆ ನಾನು ಇದನ್ನೇ ಹೇಳುತ್ತೇನೆ. ಸರ್ಕಾರಿ ಕಾಡಿನಲ್ಲಿ ಇನ್ನೊಂದು ಲಾಭವಿದೆ. ಅಷ್ಟು ಎತ್ತರಕ್ಕೆ ಏದುಸಿರು ಬಿಟ್ಟು ಹತ್ತುವವರು ಕಮ್ಮಿ. ಆದರೆ ಹೊಡೆದ ಜಿಂಕೆಯನ್ನು ಕೆಳಗೆ ಇಳಿಸುವವರೂ ನೀವೇ, ಅದನ್ನು ಮರೆಯಬೇಡಿ.

ಕೆಂಪು ಓಕ್: ತಡವಾಗಿ ಬಂದರೂ ಉಳಿಯುವ ಊಟ

ಎಲೆಯ ತುದಿ ಚೂಪಾಗಿ, ಮುಳ್ಳಿನಂಥ ಕೂದಲು ಇದ್ದರೆ ಕೆಂಪು ಓಕ್ ಪಂಗಡ. ಬ್ಲ್ಯಾಕ್ ಓಕ್, ಸ್ಕಾರ್ಲೆಟ್ ಓಕ್ ಎಲ್ಲಾ ಇದರ ಬಳಗ. ಕಾಯಿಯ ಚಿಪ್ಪು ಒಡೆದರೆ ಒಳಮೈಯಲ್ಲಿ ನವಿರು ಕೂದಲಿರುತ್ತದೆ. ಬಿಳಿ ಓಕ್‌ನದು ನುಣ್ಣಗಿರುತ್ತದೆ. ಎಲೆ ಉದುರಿದ ಮೇಲೂ ಗುರುತಿಸಲು ಇದು ಒಳ್ಳೆಯ ಉಪಾಯ.

ಅಡಿಕೆ ಬೇಯಿಸಿದ ಚೊಗರು ನಾಲಿಗೆಗೆ ತಾಗಿದ್ದರೆ ಈ ಕಾಯಿಯ ಒಗರು ನಿಮಗೆ ಅರ್ಥವಾಗುತ್ತದೆ. ಹಾಗಾದರೆ ಜಿಂಕೆ ತಿನ್ನುವುದು ಹೇಗೆ? ಅದರ ಎಂಜಲಿನಲ್ಲಿ ಒಗರನ್ನು ಹಿಡಿದು ಕಟ್ಟಿಹಾಕುವ ಪ್ರೋಟೀನ್ ಇದೆ. ಜೊತೆಗೆ ಕೆಂಪು ಓಕ್ ಕಾಯಿಯಲ್ಲಿ ಕೊಬ್ಬು ಬಿಳಿ ಓಕ್‌ಗಿಂತ ಜಾಸ್ತಿ. ಚಳಿ ಏರಿದಂತೆ ಅದರ ಬೆಲೆಯೂ ಏರುತ್ತದೆ.

ದೊಡ್ಡ ಲಾಭ ಎಂದರೆ ಇದು ವಸಂತದವರೆಗೆ ಮೊಳೆಯುವುದಿಲ್ಲ. ನವೆಂಬರ್, ಡಿಸೆಂಬರ್, ಹಿಮ ಬಿದ್ದ ಮೇಲೂ ಎಲೆಯಡಿ ಇರುತ್ತದೆ. ಬಿಳಿ ಓಕ್ ಮುಗಿದ ಮೇಲೆ ಜಿಂಕೆ ಇಲ್ಲಿಗೆ ತಿರುಗುತ್ತದೆ. ಸರಿಯಾಗಿ ಅದೇ ಹೊತ್ತಿಗೆ, ನವೆಂಬರ್ ಮಧ್ಯದಲ್ಲಿ, ಬೆದೆ ತಾರಕದಲ್ಲಿರುತ್ತದೆ. ಗಂಡು ಜಿಂಕೆ ಆಗ ಊಟ ಬಿಟ್ಟು ಹೆಣ್ಣಿನ ಹಿಂದೆ ಬೀಳುತ್ತದೆ. ಹೆಣ್ಣು ಮಾತ್ರ ಊಟ ಬಿಡುವುದಿಲ್ಲ. ದೊಡ್ಡ ಕೊಂಬಿನ ಗಂಡು ಬೇಕಿದ್ದರೆ ಹೆಣ್ಣುಗಳು ಮೇಯುವ ಕೆಂಪು ಓಕ್ ಹುಡುಕಿ, ಅದಕ್ಕೆ ಗಾಳಿಯ ಕೆಳದಿಕ್ಕಿನಲ್ಲಿ ಕೂತುಕೊಳ್ಳಿ. ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ವಾರದಲ್ಲಷ್ಟೇ ರಜೆ ಸಿಗುವವರು ಬಿಳಿ ಓಕ್ ಆಸೆ ಬಿಟ್ಟು ಇದನ್ನೇ ನಂಬಿ.

ಬಿಳಿ ಓಕ್ ಫ್ರಾಸ್ಟಿಗೆ ಸಿಕ್ಕ ವರ್ಷವೂ ಇದು ಕೈ ಹಿಡಿಯಬಹುದು, ಇದರ ಕಾಯಿ ಹೋದ ವರ್ಷದ ಹೂವಿನದು. ಎರಡು ವಸಂತ ಬೆನ್ನುಬೆನ್ನಿಗೆ ಕೆಟ್ಟಿದ್ದರೆ ಮಾತ್ರ ಎರಡೂ ಒಟ್ಟಿಗೆ ಖಾಲಿ. ಆಗ ಕಾಡು ಬಿಟ್ಟು ಹೊಲಕ್ಕೆ ಬರಬೇಕು.

ಹೊಲದ ಅಂಚು, ಫುಡ್ ಪ್ಲಾಟ್

ಕಾಯಿ ಇಲ್ಲದ ವರ್ಷ ಸೋಯಾ, ಮುಸುಕಿನ ಜೋಳದ ಹೊಲ, ಕ್ಲೋವರ್ ಎಂಬ ಮೇವು ಹಾಕಿದ ಫುಡ್ ಪ್ಲಾಟ್ (ಜಿಂಕೆ ಮೇಯಲೆಂದೇ ಬಿತ್ತಿದ ತುಂಡು ನೆಲ) ಇವೇ ಜಿಂಕೆಯ ಊಟದ ಮನೆ. ದೂರದಿಂದ ಕಾಣುತ್ತದೆ, ಹಾದಿ ಗೊತ್ತಾಗುತ್ತದೆ, ಮಕ್ಕಳನ್ನು ಕರೆದೊಯ್ಯಲು ಸುಲಭ. ಆದರೆ ಓಕ್ ಕಾಯಿ ಉದುರಲು ಶುರುವಾದ ವಾರ ಅಲ್ಲಿಗೆ ಬರುತ್ತಿದ್ದ ಜಿಂಕೆ ಇದ್ದಕ್ಕಿದ್ದಂತೆ ಕಾಣೆಯಾಗುತ್ತದೆ. "ಸೆಪ್ಟೆಂಬರ್‌ನಲ್ಲಿ ಕ್ಯಾಮೆರಾದಲ್ಲಿ ದಿನಾ ಬರ್ತಿತ್ತು, ಈಗ ಯಾರೋ ಹೊಡೆದಿರಬೇಕು" ಅಂತ ಗೆಳೆಯರು ಸಂಕಟಪಡುತ್ತಾರೆ. ಹೆಚ್ಚಿನ ಸಲ ಅದು ಇನ್ನೂರು ಗಜ ಒಳಗೆ ಓಕ್ ಕೆಳಗಿರುತ್ತದೆ.

ಖರ್ಚಿನ ಮಾತು. ಫುಡ್ ಪ್ಲಾಟ್‌ಗೆ ಮಣ್ಣು ಪರೀಕ್ಷೆ, ಸುಣ್ಣ, ಗೊಬ್ಬರ, ಬೀಜ, ಉಳಲು ಯಂತ್ರ ಎಲ್ಲಾ ಬೇಕು. ಅದೂ ವರ್ಷ ವರ್ಷ. ಸ್ವಂತ ಜಮೀನಿಲ್ಲದವರಿಗೆ ಆಗದ ಮಾತು. ಜೋಳ ಸುರಿದು ಜಿಂಕೆ ಕರೆಯುವ ಯೋಚನೆ ಇದ್ದರೆ ಮೊದಲು ನಿಮ್ಮ ರಾಜ್ಯದ ಕಾನೂನು ಓದಿ. ವರ್ಜೀನಿಯಾದಲ್ಲಿ ಹಾಗೆ ಬೇಟೆ ಆಡುವಂತಿಲ್ಲ. ತಾನಾಗಿ ಉದುರಿದ ಓಕ್ ಕಾಯಿಗೆ ಆ ತಕರಾರಿಲ್ಲ.

ಓಕ್ ನೆಡಬೇಕಾ?

ಇಪ್ಪತ್ತು ಎಕರೆ ಕೊಂಡವರು ಇದನ್ನು ಕೇಳುತ್ತಾರೆ. ಸಾಟೂತ್ ಓಕ್ ಎಂಬ ಏಷ್ಯಾದ ಮರವನ್ನು ಬೇಟೆಗಾರರಿಗೆಂದೇ ಮಾರುತ್ತಾರೆ. ಐದಾರು ವರ್ಷಕ್ಕೇ ಕಾಯಿ, ಅದೂ ಧಾರಾಳವಾಗಿ. ನಾನು ನೆಡುವುದಿಲ್ಲ. ಅದು ತಾನೇ ಹರಡಿ ಇಲ್ಲಿನ ಮರಗಳ ಜಾಗ ಹಿಡಿಯುತ್ತದೆ ಎಂಬ ಆತಂಕ ಅರಣ್ಯ ಬಲ್ಲವರಲ್ಲಿದೆ. ಊರಲ್ಲಿ ಲಂಟಾನ ಕಾಡಿಗೆ ಏನು ಮಾಡಿತು ಅಂತ ನೋಡಿದವರು ನಾವು. ಬಿಳಿ ಓಕ್ ನೆಟ್ಟರೆ ಬಯಲಲ್ಲೂ ಸುಮಾರು 20 ವರ್ಷ ಕಾಯಬೇಕು, ಕೆಂಪು ಓಕ್‌ಗೆ 25. ಮಕ್ಕಳಿಗಾಗಿ ನೆಡಿ, ಜಿಂಕೆ ಮೇಯದಂತೆ ಸಸಿಗೆ ಕೊಳವೆ ಹಾಕಿ.

ಈಗಲೇ ಫಲ ಬೇಕಿದ್ದರೆ ಇರುವ ಮರಗಳನ್ನೇ ನೋಡಿ. ಪಕ್ಕಪಕ್ಕ ನಿಂತ ಎರಡು ಬಿಳಿ ಓಕ್‌ಗಳಲ್ಲಿ ಒಂದು ಬಹುತೇಕ ಪ್ರತಿ ಸಲ ಚೆನ್ನಾಗಿ ಬಿಡುತ್ತದೆ, ಇನ್ನೊಂದು ಬಂಜೆ. ಇದು ಮರದ ಹುಟ್ಟುಗುಣ. ಮೂರು ನಾಲ್ಕು ವರ್ಷ ಗುರುತು ಹಾಕಿ ನೋಡಿ, ಒಳ್ಳೆಯ ಮರದ ನೆತ್ತಿಗೆ ಬಿಸಿಲು ತಡೆಯುವ ಮೇಪಲ್ ಮರಗಳನ್ನು ತೆಗೆಸಿ. ಗೊಬ್ಬರದ ಚೀಲಕ್ಕಿಂತ ಈ ದುಡ್ಡು ಸಾರ್ಥಕ.

ಹಾಗಾದರೆ ನಿಮಗೆ ಯಾವುದು

ದುಡ್ಡು ಕಮ್ಮಿ, ಜಮೀನಿಲ್ಲ ಅನ್ನುವವರಿಗೆ ಜಾರ್ಜ್ ವಾಷಿಂಗ್ಟನ್ ಮತ್ತು ಜೆಫರ್ಸನ್ ರಾಷ್ಟ್ರೀಯ ಅರಣ್ಯಗಳಿವೆ. ಸುಮಾರು 18 ಲಕ್ಷ ಎಕರೆ, ಬಹುಪಾಲು ಓಕ್ ಕಾಡು. ಲೈಸೆನ್ಸಿನ ಜೊತೆ ಒಂದು ಸಣ್ಣ ಪರ್ಮಿಟ್ ಬೇಕು. ಪಕ್ಕದ ಶೆನಂಡೋವಾ ನ್ಯಾಷನಲ್ ಪಾರ್ಕಿನಲ್ಲಿ ಬೇಟೆ ಇಲ್ಲ, ಗಡಿ ನೋಡಿಕೊಳ್ಳಿ. ಇಲ್ಲಿ ಅಟ್ಟಣೆಯನ್ನು ಒಂದೇ ಮರಕ್ಕೆ ಕಟ್ಟಿಹಾಕಬೇಡಿ. ಹೊತ್ತು ತಿರುಗುವ ಹಗುರ ಅಟ್ಟಣೆ ಕೊಳ್ಳಿ. ಊಟ ಹೋದಲ್ಲಿಗೆ ನೀವೂ ಹೋಗಬೇಕು.

ಕೆಲಸದ ವೀಸಾದಲ್ಲಿರುವವರು ಬಂದೂಕಿಗೆ ಕೈ ಹಾಕುವ ಮೊದಲು ತಿಳಿದಿರಲಿ. ವಲಸೆಯಲ್ಲದ ವೀಸಾದವರು ಬಂದೂಕು ಇಟ್ಟುಕೊಳ್ಳುವುದನ್ನು ಫೆಡರಲ್ ಕಾನೂನು ತಡೆಯುತ್ತದೆ. ಅಮೆರಿಕದಲ್ಲಿ ಪಡೆದ ಬೇಟೆ ಲೈಸೆನ್ಸ್ ಇದ್ದರೆ ವಿನಾಯಿತಿ ಇದೆ. ಆದರೂ ವಕೀಲರನ್ನು ಒಂದು ಮಾತು ಕೇಳಿ. ಬಿಲ್ಲಿಗೆ ಆ ತೊಡಕಿಲ್ಲ. ಬಿಲ್ಲು ಹಿಡಿದರೆ ಅಕ್ಟೋಬರ್ ನಿಮ್ಮದು, ಅಂದರೆ ಚೆಸ್ಟ್‌ನಟ್ ಓಕ್ ಮತ್ತು ಬಿಳಿ ಓಕ್ ನಿಮ್ಮವು.

ಮನೆಗೆ ಮಾಂಸ ಬೇಕು, ಕೊಂಬು ಬೇಡ ಅನ್ನುವವರಿಗೆ ಕಾಯಿ ಇಲ್ಲದ ವರ್ಷವೇ ಒಳ್ಳೆಯದು. ಹೊಲದ ಅಂಚಿನಲ್ಲಿ ಸಂಜೆ ಕೂತರೆ ಹೆಣ್ಣು ಜಿಂಕೆ ಬಹಳ ಮಟ್ಟಿಗೆ ಖಾತ್ರಿ. ಕೊಂಬು ಬೇಕಾದವರು ಕಾಯಿ ತುಂಬಿದ ವರ್ಷ ಬೇಸರಪಡಬೇಡಿ. ಆ ವರ್ಷ ಹೊಟ್ಟೆ ತುಂಬ ತಿಂದ ಗಂಡು ಚಳಿಗಾಲವನ್ನು ಸುಲಭವಾಗಿ ದಾಟಿ, ಮುಂದಿನ ವರ್ಷಕ್ಕೆ ಗಟ್ಟಿಯಾಗಿ ಬರುತ್ತದೆ.

ಮಕ್ಕಳನ್ನು ಕರೆದೊಯ್ಯುವವರಿಗೆ ಇನ್ನೊಂದು ಮಾತು. ನ್ಯೂಯಾರ್ಕ್ ರಾಜ್ಯದ ಕ್ಯಾರಿ ಸಂಸ್ಥೆಯ ವಿಜ್ಞಾನಿಗಳು ಓಕ್ ಕಾಯಿಗೂ ಉಣ್ಣೆ ಕಡಿತದಿಂದ ಬರುವ ಲೈಮ್ ರೋಗಕ್ಕೂ ನಂಟು ಕಂಡಿದ್ದಾರೆ. ಕಾಯಿ ತುಂಬಿದ ಮರುವರ್ಷ ಬಿಳಿಪಾದದ ಇಲಿ ಹೆಚ್ಚುತ್ತದೆ. ಅದರ ಮರುವರ್ಷ ರೋಗ ಹೊತ್ತ ಎಳೆ ಉಣ್ಣೆಗಳು ಹೆಚ್ಚುತ್ತವೆ. ಭರ್ಜರಿ ಕಾಯಿ ಕಂಡ ಎರಡನೇ ವರ್ಷ ಮರ ನೋಡಲು ಬೇಸಿಗೆಯಲ್ಲಿ ಕಾಡಿಗೆ ಹೋದಾಗ ಪ್ಯಾಂಟನ್ನು ಕಾಲುಚೀಲದೊಳಗೆ ಸಿಕ್ಕಿಸಿ, ಮನೆಗೆ ಬಂದು ಮಗುವಿನ ಕಿವಿ ಹಿಂದೆ, ಕಂಕುಳಲ್ಲಿ ಹುಡುಕಿ.

ಒಂದು ಸಣ್ಣ ಪುಸ್ತಕ ಇಟ್ಟುಕೊಳ್ಳಿ. ಏಪ್ರಿಲ್ ಕೊನೆಯಲ್ಲಿ ಓಕ್ ಹೂವಿನ ತುರಾಯಿ ನೇತಾಡುತ್ತಿರುವಾಗ ಯಾವುದಾದರೂ ರಾತ್ರಿ ಕಾರಿನ ಗಾಜು ಬೆಳ್ಳಗೆ ಹೆಪ್ಪುಗಟ್ಟಿದ್ದರೆ ತಾರೀಕು ಬರೆದಿಡಿ. ಅದರ ಕೆಳಗೇ ಎರಡು ಸಾಲು ಸೇರಿಸಿ: ಈ ಅಕ್ಟೋಬರ್ ಬಿಳಿ ಓಕ್ ನೋಡಿಕೊಂಡು ಹೋಗಬೇಕು, ಮುಂದಿನ ನವೆಂಬರ್ ಕೆಂಪು ಓಕ್ ನೋಡಿಕೊಂಡು ಹೋಗಬೇಕು.